ಬೆಂಗಳೂರು ದಂಡಿನ ಲಾಕ್ ಆಸ್ಪತ್ರೆಯೂ ಗುಹ್ಯರೋಗಗಳ ಪ್ರಥಮ ಲಕ್ಷಣಗಳೂ

ಕ್ರಿ. ಶ. 1809ರ ಸುಮಾರಿನಲ್ಲಿ ಬ್ರಿಟಿಷ್ ಸೇನೆಯು ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಯಲಿನಲ್ಲಿ ನೆಲೆಸಿದಂದಿನಿಂದ ಬೆಂಗಳೂರಿಗೆ ಪೇಟೆ, ದಂಡು ಎಂಬ ಎರಡು ಮುಖಗಳು ಒದಗಿದುವು. ದಂಡಿನ ಕವಾಯತು ಮೈದಾನ, ಚರ್ಚುಗಳು, ಬ್ಲಾಕ್‌ಪಳ್ಳಿಯ, ಎಂದರೆ ಇಂದಿನ ಶಿವಾಜಿನಗರದ, ಅಂಗಡಿಬೀದಿಗಳು ಇವುಗಳನ್ನು ಕುರಿತು ಸಾಕಷ್ಟು ಬರೆಯಲಾಗಿದೆ. ಅದೇ ದಂಡಿನ ಲಾಕ್ ಆಸ್ಪತ್ರೆಯ ಮಾತು ಬಂದಾಗ ಮಾತ್ರ ಸಂಕೋಚವು ಲೇಖನಿಯನ್ನು ತಡೆಯುವುದುಂಟು. ಅಲ್ಲಿಯ ವೈದ್ಯರು ಯಾವ ಲಕ್ಷಣಗಳನ್ನು ಅರಸುತ್ತಿದ್ದರು, ಅವು ಕಣ್ಣಿಗೆ ಕಾಣತಕ್ಕವಾಗಿದ್ದುವೇ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಲಾಕ್ ಎಂಬುದು ಬೀಗವನ್ನು ಸೂಚಿಸುವ ಹೆಸರಲ್ಲ. ಗುಹ್ಯರೋಗಿಗಳಿಗಾಗಿ 1747ರಲ್ಲಿ ಲಂಡನ್ನಿನಲ್ಲಿ ತೆರೆದ ಆಸ್ಪತ್ರೆಯಿಂದ ಬಂದುದು. ಆದರೂ ಭಾರತದಲ್ಲಿ ಆ ಹೆಸರು ಬೀಗದ ಅರ್ಥವನ್ನೇ ಸಾರ್ಥಕಪಡಿಸಿತು. ಮದರಾಸು ಸೇನೆಯ ನೆಲೆಗಳಲ್ಲಿ 19ನೆಯ ಶತಮಾನದ ಮೊದಲ ದಶಕದಲ್ಲಿಯೇ ಇಂತಹ ಆಸ್ಪತ್ರೆಗಳು ಹುಟ್ಟಿದುವು. 1864ರ ದಂಡುಪ್ರದೇಶಗಳ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆ ಇವುಗಳಿಂದ ಈ ವ್ಯವಸ್ಥೆಗೆ ಹೊಸ ಬಲ ದೊರೆಯಿತು. ಬೆಂಗಳೂರು, ಬಳ್ಳಾರಿಗಳ ಲಾಕ್ ಆಸ್ಪತ್ರೆಗಳು ಮದರಾಸು ಪ್ರಾಂತದ ವಾರ್ಷಿಕ ವರದಿಗಳಲ್ಲಿ ಸೇರಿವೆ. ವೇಶ್ಯಾವೃತ್ತಿಯವರೆಂದು ಎಣಿಸಲ್ಪಟ್ಟ ಸ್ತ್ರೀಯರ ಹೆಸರನ್ನು ದಾಖಲುಮಾಡುವುದು, ನಿಯತಕಾಲಕ್ಕೆ ಅವರ ದೇಹವನ್ನು ಪರೀಕ್ಷಿಸುವುದು, ರೋಗ ಕಂಡಲ್ಲಿ ಗುಣವಾಗುವವರೆಗೆ ಇರಿಸಿಕೊಳ್ಳುವುದು, ಇವೇ ಅದರ ಮೂರು ಅಂಗಗಳು.

ಈ ರೋಗಗಳು ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. 16ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಫಿರಂಗರೋಗವನ್ನು ಹಳೆಯ ಉಪದಂಶದಿಂದ ಬೇರೆಯಾಗಿಯೇ ವಿವರಿಸಿದ್ದಾನೆ. ಕನ್ನಡದ ಪರಂಗಿಹುಣ್ಣು ಎಂಬ ಮಾತು ಕೂಡ ಈ ರೋಗವು ಕಡಲಾಚೆಯಿಂದ ಬಂದಿತೆಂಬ ನಂಬಿಕೆಯನ್ನೇ ಹೇಳುತ್ತದೆ. ಯೂರೋಪಿನಲ್ಲಾದರೋ ಜಾನ್ ಹಂಟರನು 1786ರ ಗ್ರಂಥದಲ್ಲಿ ಸಿಫಿಲಿಸ್ ಮತ್ತು ಗೊನೊರಿಯ ಒಂದೇ ರೋಗವೆಂದು ಸಾಧಿಸಿದನು. 1838ರಲ್ಲಿ ರಿಕೋರನು ಅವೆರಡೂ ಬೇರೆಯೆಂದು ತೋರಿಸುವವರೆಗೆ ಆ ಭ್ರಮೆ ಪ್ರಬಲವಾಗಿದ್ದಿತು.

ಇನ್ನು ಲಕ್ಷಣಗಳ ವಿಚಾರ. ಸಿಫಿಲಿಸ್ ಸೋಂಕಿದ 10ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರನೆಯ ವಾರದ ಹೊತ್ತಿಗೆ, ಸೋಂಕು ತಗುಲಿದ ಎಡೆಯಲ್ಲಿ ಗಟ್ಟಿಯಾದ ಹುಣ್ಣೊಂದು ಏಳುತ್ತದೆ. ಅದಕ್ಕೆ ನೋವಿರುವುದಿಲ್ಲ. ಮದ್ದಿಲ್ಲದಿದ್ದರೂ ಅದು 3ರಿಂದ 6 ವಾರಗಳಲ್ಲಿ ತಾನೇ ಮಾಯುತ್ತದೆ. ರೋಗವು ಮಾತ್ರ ದೇಹದಲ್ಲಿ ಉಳಿದು, ಮುಂದೆ ಅಂಗೈ ಅಂಗಾಲುಗಳಲ್ಲಿಯೂ ಕಾಣುವ ತುರಿಕೆಯಿಲ್ಲದ ದದ್ದಾಗಿ ಹೊರಬೀಳಬಹುದು. ಆ ದದ್ದೂ ಅಡಗುತ್ತದೆ. ಹುಣ್ಣು ಮಾಯಿತೆಂದು ಪಾದರಸದ ಮದ್ದನ್ನು ನಿಲ್ಲಿಸಿ ಬಿಡುಗಡೆ ಮಾಡಿದಾಗ ರೋಗಿಯು ಗುಣಹೊಂದಿದ್ದಳೆಂಬ ಭರವಸೆ ಯಾರಿಗೂ ಇರುವಂತಿರಲಿಲ್ಲ.

ಗೊನೊರಿಯದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚಿನದು. ಪುರುಷರಲ್ಲಿ ಸಾಮಾನ್ಯವಾಗಿ ಒಂದು ವಾರದೊಳಗೆ ಉರಿಮೂತ್ರ, ಕೀವುಗಳು ಕಾಣಿಸಿಕೊಳ್ಳುತ್ತವೆ. ಸ್ತ್ರೀಯರಲ್ಲಿ ಅನೇಕರಿಗೆ ಯಾವ ಲಕ್ಷಣವೂ ತೋರುವುದಿಲ್ಲ. ಮೇಲಾಗಿ, ಬೇರೆ ಕಾರಣಗಳಿಂದಲೂ ಉಂಟಾಗುವ ಬಿಳಿಸೆರಗನ್ನು ಬರಿಗಣ್ಣಿನಿಂದ ಇದರಿಂದ ಬೇರ್ಪಡಿಸುವುದು ಅಸಾಧ್ಯ. ಈ ರೋಗದ ಜೀವಾಣುವನ್ನು ನೈಸರನು ಕಂಡದ್ದು 1879ರಲ್ಲಿ. ಆದುದರಿಂದ ರೋಗವಿದ್ದವಳು ಚೀಟಿ ಪಡೆದು ಹೊರಹೋಗುವುದೂ ರೋಗವಿಲ್ಲದವಳು ಒಳಗೆ ಉಳಿಯುವುದೂ ಸಮಾನವಾಗಿ ಸಂಭವನೀಯವಾಗಿದ್ದುವು.

ವಿಪರ್ಯಾಸವೆಂದರೆ, ಲಕ್ಷಣವು ಸ್ಪಷ್ಟವಾಗಿ ತೋರುವ ಪುರುಷದೇಹಕ್ಕೆ ಕಾಯಿದೆಯು ದಾಖಲೆಯನ್ನಾಗಲಿ ಚೀಟಿಯನ್ನಾಗಲಿ ವಿಧಿಸಲಿಲ್ಲ. ಲಕ್ಷಣವು ಅಡಗುವ ಸ್ತ್ರೀದೇಹವನ್ನೇ ಶೋಧಿಸಿತು. ಪರೀಕ್ಷೆಯು ಬಂಧನಕ್ಕೆ ದಾರಿಯಾದಾಗ ಲಕ್ಷಣ ಕಂಡವಳು ಅದನ್ನು ಮರೆಮಾಡುವುದು ಸಹಜವೇ ಆಗಿದೆ. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ನಡೆಸಿದ ಚಳವಳಿಯ ಫಲವಾಗಿ ಅಲ್ಲಿಯ ಕಾಯಿದೆಗಳು 1886ರಲ್ಲಿಯೂ ಭಾರತದ ಕಾಯಿದೆ 1888ರಲ್ಲಿಯೂ ರದ್ದಾದುವು. ಆ ಬಳಿಕ 1895ರಲ್ಲಿ ಭಾರತದ ಬ್ರಿಟಿಷ್ ಪಡೆಗಳಲ್ಲಿ ಸಾವಿರ ಸೈನಿಕರಿಗೆ 522ರಂತೆ ಈ ರೋಗಗಳ ದಾಖಲಾತಿ ನಡೆದುದನ್ನು ಕಾಯಿದೆಯ ಪಕ್ಷಪಾತಿಗಳು ಎತ್ತಿ ತೋರಿಸಿದರು. ಆದರೆ ಈ ಅಂಕಿ ರೋಗಿಗಳದಲ್ಲ, ದಾಖಲಾತಿಗಳದು. ಒಬ್ಬನೇ ಹಲವು ಸಾರಿ ಸೇರಿರಬಹುದು. ಕಾಯಿದೆಯಿದ್ದ ಕಾಲದಲ್ಲಿಯೂ ಅದು ಏರುತ್ತಲೇ ಇದ್ದಿತೆಂಬುದನ್ನು ಮರೆಯಲಾಗದು.

ಸಿಫಿಲಿಸ್‌ನ ಜೀವಾಣು 1905ರಲ್ಲಿ ಪತ್ತೆಯಾಯಿತು. 1906ರಲ್ಲಿ ವಾಸರ್‌ಮನ್ನನ ರಕ್ತಪರೀಕ್ಷೆ, 1910ರಲ್ಲಿ ಸಾಲ್ವರ್ಸಾನ್, 1943ರಲ್ಲಿ ಪೆನಿಸಿಲಿನ್ ಚಿಕಿತ್ಸೆ ಬಂದುವು. ಇವುಗಳಿಂದ ಕಣ್ಣಿಗೆ ಕಾಣದುದನ್ನು ಕಾಣುವ, ಕಂಡುದನ್ನು ಗುಣಪಡಿಸುವ ಶಕ್ತಿ ವೈದ್ಯನಿಗೆ ಲಭಿಸಿತು. ಇಂದು ಸರಕಾರಿ ಆಸ್ಪತ್ರೆಗಳ ಸುರಕ್ಷಾ ಚಿಕಿತ್ಸಾಲಯಗಳಲ್ಲಿ ಗುಟ್ಟು ಕಾಯ್ದು ಚಿಕಿತ್ಸೆ ಕೊಡುತ್ತಾರೆ. ಸಂಗಾತಿಗೂ ಚಿಕಿತ್ಸೆಯಾಗಬೇಕೆಂಬುದು ಅಲ್ಲಿಯ ನಿಯಮ. ನೋವಿಲ್ಲದ ಹುಣ್ಣು, ಕೀವು, ಉರಿಮೂತ್ರ, ಕಾರಣ ತಿಳಿಯದ ದದ್ದು ಕಂಡವರು, ಅದು ತಾನೇ ಮಾಯಿತೆಂದು ಸುಮ್ಮನಾಗದೆ ಪರೀಕ್ಷೆ ಮಾಡಿಸಿಕೊಳ್ಳಬೇಕು; ಸೋಂಕಿನ ಶಂಕೆಯಿದ್ದವರು ಲಕ್ಷಣವಿಲ್ಲದಿದ್ದರೂ ಮಾಡಿಸಿಕೊಳ್ಳಬೇಕು.

ದಂಡಿನ ಲಾಕ್ ಆಸ್ಪತ್ರೆಯ ಸೋಲಿಗೆ ವೈದ್ಯಜ್ಞಾನದ ಕೊರತೆಯು ಒಂದು ಕಾರಣವಾದರೆ, ರೋಗಿಯನ್ನು ಅಪರಾಧಿಯಂತೆ ಕಂಡುದು ಇನ್ನೊಂದು. ಮೊದಲನೆಯ ಕೊರತೆಯನ್ನು ವಿಜ್ಞಾನವು ತುಂಬಿಕೊಟ್ಟಿದೆ. ಎರಡನೆಯದನ್ನು ತುಂಬಬೇಕಾದವರು ನಾವು.