ಸಿಂಪ್ಯೂಟರ್‌ನಿಂದ ಕಿಯೋವರೆಗೆ: ಮುಕ್ತ ಕಂಪ್ಯೂಟರಿನ ಕನ್ನಡ ದಾರಿ

ಲಿನಕ್ಸ್ ನಮ್ಮ ಕಡೆಯ ಊರುಗಳಿಗೆ ಮೊದಲು ಬಂದದ್ದು ಇಂಟರ್‌ನೆಟ್ಟಿನಲ್ಲಲ್ಲ, ಪತ್ರಿಕೆಯ ಜೊತೆಗೆ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಎಂಬ ಇಂಗ್ಲಿಷ್ ಮಾಸಿಕ ತನ್ನ ಸಂಚಿಕೆಯೊಳಗೆ ಸ್ಲ್ಯಾಕ್‌ವೇರ್ ಲಿನಕ್ಸಿನ ಸಿ.ಡಿ. ಇಟ್ಟು ಓದುಗರಿಗೆ ಕಳಿಸಿತು. ಟೆಲಿಫೋನ್ ತಂತಿಯಲ್ಲಿ ಅಷ್ಟು ದೊಡ್ಡ ತಂತ್ರಾಂಶ ಇಳಿಸಿಕೊಳ್ಳುವುದು ಆಗದ ಮಾತಾಗಿದ್ದ ಕಾಲ ಅದು. ಅದಕ್ಕೆ ಐದು ವರ್ಷ ಹಿಂದೆ, 1991ರ ಆಗಸ್ಟಿನಲ್ಲಿ, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆಂದು ಜಗತ್ತಿಗೆ ತಿಳಿಸಿದ್ದ. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಸಾರಿದ್ದರು. ಯಂತ್ರ ಕೊಂಡವನಿಗೆ ಅದರೊಳಗಿನ ತಂತ್ರಾಂಶವನ್ನು ಓದುವ, ತಿದ್ದುವ, ನೆರೆಯವನಿಗೆ ಕೊಡುವ ಹಕ್ಕಿರಬೇಕು ಎಂಬುದು ಅವರ ವಾದ. 1992ರಲ್ಲಿ ಲಿನಕ್ಸ್ ಅದೇ ಗ್ನೂ ಪರವಾನಗಿಯಡಿ ಬಂದಮೇಲೆ ಎರಡು ಹೊಳೆಗಳೂ ಸೇರಿದವು.

ಬೆಂಗಳೂರಿನಲ್ಲಿ ಈ ಆಸಕ್ತರು ಗುಂಪು ಕಟ್ಟಿಕೊಂಡರು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿಕೊಂಡು, 2012ರವರೆಗೆ ನಡೆಯಿತು. ಅದರ ಮುಂಚೂಣಿಯಲ್ಲಿದ್ದ ಅತುಲ್ ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅಲ್ಲಿ ಬೆಳೆದ ಎಂಜಿನಿಯರುಗಳ ಕೊಡುಗೆ ದೊಡ್ಡದು. ಆದರೆ ಆ ವೇದಿಕೆಯ ಮಾತು ಇಂಗ್ಲಿಷಿನದು. ತರೀಕೆರೆ, ಕಡೂರಿನ ಹುಡುಗನಿಗೆ ಅದು ತನ್ನದು ಅನ್ನಿಸುವ ಹಾಗಿರಲಿಲ್ಲ.

ಅದೇ 2001ರ ಏಪ್ರಿಲ್‌ನಲ್ಲಿ ಅದೇ ಬೆಂಗಳೂರಿನಲ್ಲಿ ಬೇರೊಂದು ಯಂತ್ರ ಹೊರಬಂತು. ನನ್ನ ಮಟ್ಟಿಗೆ ಕರ್ನಾಟಕದ ಕಂಪ್ಯೂಟರ್ ಚರಿತ್ರೆಯಲ್ಲಿ ಅದರಷ್ಟು ಧೈರ್ಯದ ಕೆಲಸ ಇನ್ನೊಂದಿಲ್ಲ. ಅದು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಅಧ್ಯಾಪಕರು ಎನ್‌ಕೋರ್ ಕಂಪನಿಯ ತಂತ್ರಜ್ಞರ ಜೊತೆ ಸೇರಿ ಅದನ್ನು ರೂಪಿಸಿದರು. ಅಂಗೈ ಅಗಲದ ಯಂತ್ರ. ಒಳಗೆ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಕಡ್ಡಿಯಿಂದ ಮುಟ್ಟಿ ನಡೆಸುವ ಪರದೆ. ಓದು ಬಾರದವರಿಗೆಂದು ಬರಹವನ್ನು ಭಾರತೀಯ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡೂ ಇತ್ತು. ಮನೆಗೊಂದು ಯಂತ್ರ ಕೊಳ್ಳಲಾಗದ ಊರಿನಲ್ಲಿ ಒಂದೇ ಯಂತ್ರವನ್ನು ಹಲವರು ಬಳಸಲೆಂದು ಸ್ಮಾರ್ಟ್‌ಕಾರ್ಡ್ ಸಿಕ್ಕಿಸುವ ಕಿಂಡಿ ಇಟ್ಟಿದ್ದರು. ಯಂತ್ರ ಊರಿನದು, ಕಾರ್ಡಿನೊಳಗಿನ ಮಾಹಿತಿ ಅವರವರದು. ಹಳ್ಳಿಯ ಬದುಕನ್ನು ನೋಡಿ ಬಲ್ಲವರು ಮಾತ್ರ ಹೀಗೆ ಯೋಚಿಸಬಲ್ಲರು.

ಅದಕ್ಕಿಂತ ಮುಖ್ಯವಾದದ್ದು ಅದರ ಪರವಾನಗಿ. ತಂತ್ರಾಂಶಕ್ಕೆ ಗ್ನೂ ಪರವಾನಗಿ ಇದ್ದಂತೆ ಸಿಂಪ್ಯೂಟರ್ ಟ್ರಸ್ಟ್ ಯಂತ್ರಾಂಶದ ವಿನ್ಯಾಸಕ್ಕೂ ಒಂದು ಸಾರ್ವಜನಿಕ ಪರವಾನಗಿ ಬರೆಯಿತು. ನಕ್ಷೆ ನೋಡಿ ಬೇರೆಯವರೂ ಯಂತ್ರ ಮಾಡಬಹುದು, ಸುಧಾರಿಸಿದ್ದನ್ನು ಸ್ವಲ್ಪ ಕಾಲದ ಮೇಲೆ ಮರಳಿ ಎಲ್ಲರಿಗೂ ಕೊಡಬೇಕು. ‘ಮುಕ್ತ ಯಂತ್ರಾಂಶ’ ಎಂಬ ಮಾತು ಜಗತ್ತಿನಲ್ಲಿ ರೂಢಿಗೆ ಬರುವ ಮೊದಲೇ ಮಲ್ಲೇಶ್ವರದ ಪಕ್ಕದಲ್ಲಿ ಈ ಕೆಲಸ ನಡೆದಿತ್ತು.

ಸಿಂಪ್ಯೂಟರ್ ಗೆಲ್ಲಲಿಲ್ಲ. ಸುಮಾರು 9,000 ರೂಪಾಯಿಗೆ ಕೊಡಬೇಕೆಂಬ ಆಸೆಯಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿ ಪೇಟೆಗೆ ಬಂದದ್ದು 2004ರ ಮಾರ್ಚಿನಲ್ಲಿ. ಕಪ್ಪುಬಿಳುಪು ಪರದೆಯದಕ್ಕೆ ಸುಮಾರು 10,000, ಬಣ್ಣದ್ದಕ್ಕೆ ಅದರ ಇಮ್ಮಡಿ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗತೊಡಗಿತ್ತು. ಮಾರಾಟವಾದದ್ದು ಕೆಲವು ಸಾವಿರ ಮಾತ್ರ. ಅದನ್ನು ವಿಫಲ ಯೋಜನೆ ಎಂದು ಬರೆದು ಮುಗಿಸುವವರ ಜೊತೆ ನನಗೆ ಜಗಳವಿದೆ. ಸಿಂಪ್ಯೂಟರಿನ ಧ್ವನಿಗೆಂದು ರಮೇಶ್ ಹರಿಹರನ್ ಅವರ ಮುಂದಾಳ್ತನದಲ್ಲಿ ಹುಟ್ಟಿದ ‘ಧ್ವನಿ’ ಎಂಬ ತಂತ್ರಾಂಶವನ್ನು ಮುಂದೆ ಕೇರಳದ ಸಂತೋಷ್ ತೋಟ್ಟಿಂಗಲ್ ಕೈಗೆತ್ತಿಕೊಂಡು ಬೆಳೆಸಿದರು. ಅದು ಕನ್ನಡವೂ ಸೇರಿ ಹಲವು ಭಾಷೆಗಳ ಬರಹವನ್ನು ಲಿನಕ್ಸ್ ಯಂತ್ರಗಳಲ್ಲಿ ಓದಿ ಹೇಳಿತು. ಯಂತ್ರ ಸತ್ತರೂ ಅದರ ದನಿ ಉಳಿದದ್ದು ಮೂಲ ಸಂಕೇತ ತೆರೆದಿದ್ದರಿಂದ. ಮುಚ್ಚಿಟ್ಟಿದ್ದರೆ ಆ ಶ್ರಮವೂ ಗೋದಾಮಿನಲ್ಲಿ ಧೂಳು ತಿನ್ನುತ್ತಿತ್ತು.

ಕನ್ನಡ ಅಕ್ಷರದ ಕಥೆ ಇಷ್ಟು ನೇರವಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡಕ್ಕೆ ಸಿಕ್ಕ ವರ. ಇರುವ 26 ಇಂಗ್ಲಿಷ್ ಕೀಲಿಗಳಲ್ಲೇ ನಮ್ಮ ವರ್ಣಮಾಲೆ ಕೂರಿಸಿ, ‘ಎಫ್’ ಕೀಲಿಯೊಂದರಿಂದ ಒತ್ತಕ್ಷರಗಳನ್ನೆಲ್ಲ ಮೂಡಿಸುವ ಆ ತರ್ಕ ಇಂದಿಗೂ ಹಳತಾಗಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ನಂತರ ಗಣಕ ಪರಿಷತ್ತಿನ ‘ನುಡಿ’. ಮೂಡಿಗೆರೆಯ ತೋಟದಲ್ಲಿ ಕುಳಿತ ಪೂರ್ಣಚಂದ್ರ ತೇಜಸ್ವಿ ಕಂಪ್ಯೂಟರಿನಲ್ಲಿ ಕನ್ನಡ ನೆಲೆಗೊಳ್ಳದಿದ್ದರೆ ಭಾಷೆಗೆ ಉಳಿಗಾಲವಿಲ್ಲವೆಂದು ಎಚ್ಚರಿಸುತ್ತಲೇ ಇದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು ತಂತ್ರಾಂಶ’ದ ಹಿಂದೆ ಅವರ ಒತ್ತಾಸೆಯಿತ್ತು. ನಮ್ಮ ಚಿಕ್ಕಮಗಳೂರು ಜಿಲ್ಲೆಯವರು ಇದನ್ನು ನೆನೆಯುವುದು ಕಡಿಮೆ. ಅವರ ಕಾದಂಬರಿಗಳಷ್ಟೇ ಈ ಹಟವನ್ನೂ ನಾನು ಗೌರವಿಸುತ್ತೇನೆ.

ಆದರೆ ಈ ತಂತ್ರಾಂಶಗಳೆಲ್ಲ ಮೊದಲಿಗೆ ವಿಂಡೋಸಿಗಾಗಿ ಮಾಡಿದವು. ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ತನ್ನದೇ ಸ್ಥಾನ ಕೊಟ್ಟಿತ್ತು. ಆದರೂ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೆಯ ನುಡಿ ಫಾಂಟಿನದೇ ದರ್ಬಾರು. ಕರ್ನಾಟಕದಲ್ಲಿ ಲಿನಕ್ಸಿಗೆ ಅಡ್ಡಬಂದದ್ದು ಅದರ ಕಷ್ಟವಲ್ಲ, ಈ ಕಡತಗಳು.

ಲಿನಕ್ಸಿನ ಒಳಗೆ ಕನ್ನಡ ಕಟ್ಟಿದವರು ಸ್ವಯಂಸೇವಕರು. ಹರಿಪ್ರಸಾದ್ ನಾಡಿಗ್ ಮೊದಲಾದವರು ಅನುವಾದಕ್ಕೆ ಕೈಹಾಕಿದರು. ಗ್ನೋಮ್, ಕೆಡಿಇ ಪರದೆಗಳು ಕನ್ನಡದಲ್ಲಿ ಮೂಡಿದವು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಎಂಬ ಬರಹಮಾಲೆಯಲ್ಲಿ ಹೊಸಬರಿಗೆ ಕನ್ನಡದಲ್ಲೇ ಪಾಠ ಹೇಳಿದರು. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರೆಗೆ ತಲುಪಿದವು. ಮೊದಲ ದಿನಗಳಲ್ಲಿ ಒತ್ತು, ಕೊಂಬು ಎಲ್ಲೆಲ್ಲೋ ಚದುರಿ ಕೂರುತ್ತಿದ್ದವು. ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಎಂಜಿನ್ ಬಲಿತ ಮೇಲೆ, 2013ರ ಲಿಬ್ರೆ ಆಫೀಸ್ 4.1 ಅದನ್ನು ಅಳವಡಿಸಿಕೊಂಡ ಮೇಲೆ, ಆ ತೊಂದರೆ ಬಹುಮಟ್ಟಿಗೆ ತೀರಿತು. ಇವತ್ತು ಐಬಸ್ ಎಂಬ ಸವಲತ್ತಿನಲ್ಲಿ ಕೆ.ಪಿ. ರಾವ್ ವಿನ್ಯಾಸವನ್ನೇ ಆರಿಸಿಕೊಂಡು, ನುಡಿಯಲ್ಲಿ ಬೆರಳು ಪಳಗಿದವರು ಅದೇ ಬೆರಳುಗಳಿಂದ ಯೂನಿಕೋಡ್ ಕನ್ನಡ ಬರೆಯಬಹುದು.

ಕನ್ನಡದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಲಿನಕ್ಸ್ ಕಲಿತ ಜಾಗ ಕರ್ನಾಟಕದ ಗಡಿಯಾಚೆ ಇದೆ. ಕೇರಳ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿ, ಆ ದಶಕ ಮುಗಿಯುವುದರೊಳಗೆ ಶಾಲೆಗಳನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ಹೊರಳಿಸಿತು. ಅದರ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಹಾಗಾಗಿ ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲೇ ಗಿಂಪ್, ಇಂಕ್‌ಸ್ಕೇಪ್‌ಗಳಲ್ಲಿ ಚಿತ್ರ ಬರೆದರು, ಪೈಥಾನ್ ಮುಟ್ಟಿದರು. ನಮ್ಮಲ್ಲೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಉಬುಂಟು ಬಳಸಿ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಅದು ಕಾರ್ಯಕ್ರಮವಾಗಿ ಉಳಿಯಿತು, ಕೇರಳದಲ್ಲಿ ಆದಂತೆ ರಾಜ್ಯದ ನೀತಿಯಾಗಲಿಲ್ಲ.

ಇನ್ನು ಯಂತ್ರಗಳ ಮಾತು. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ಗುಡ್ಡದ ದಾರಿಯ ಊರುಗಳಲ್ಲಿ ಕಂಪ್ಯೂಟರಿಗೆ ಇರುವ ಶತ್ರುಗಳು ಮಳೆಗಾಲದ ಸಿಡಿಲು, ಏರಿಳಿಯುವ ಕರೆಂಟು, ತೇವ. ಕೆಡುವುದು ಬಹುತೇಕ ಕರೆಂಟು ಪೂರೈಸುವ ಎಸ್‌ಎಂಪಿಎಸ್ ಅಥವಾ ಹಾರ್ಡ್‌ಡಿಸ್ಕ್. ಪ್ರೊಸೆಸರ್ ಹೋಗುವುದು ಅಪರೂಪ. ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಂದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿ, ಡೆಬಿಯನ್ ಇಳಿಸಿ, ಮೇಲೆ ಎಕ್ಸ್‌ಎಫ್‌ಸಿಇ ಪರದೆ ಇಟ್ಟುಕೊಳ್ಳಿ. ಬರಹ, ಲೆಕ್ಕದ ಹಾಳೆ, ಇಂಟರ್‌ನೆಟ್ ಇಷ್ಟಕ್ಕೆ ಅದು ಧಾರಾಳ ಸಾಕು. ದುಡ್ಡು ಕಡಿಮೆಯಿದ್ದರೆ ರ‍್ಯಾಮಿಗಿಂತ ಎಸ್‌ಎಸ್‌ಡಿ ಮೊದಲು. ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ, ಕಚೇರಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ನನ್ನ ಮತ. ಅದನ್ನು ಬಿಚ್ಚಬಹುದು, ಭಾಗ ಬದಲಿಸಬಹುದು. ರ‍್ಯಾಮನ್ನು ಬೋರ್ಡಿಗೇ ಬೆಸೆದು ಕೊಡುವ ಯಂತ್ರ ಎಷ್ಟು ತೆಳ್ಳಗಿದ್ದರೂ ನಮ್ಮ ಊರಿಗೆ ಹೇಳಿಮಾಡಿಸಿದ್ದಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಈ ಮಾತಿಗೆ ತೂಕ ಬಂದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್‌ನದಾದರೆ ಎಂಟನೆಯ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. ಯಂತ್ರ ಗಟ್ಟಿಯಾಗಿದ್ದರೂ ಬೇರೆ ಯಾರೋ ಅದರ ಆಯುಷ್ಯ ಮುಗಿಯಿತೆಂದು ತೀರ್ಮಾನಿಸುವುದು ಅನ್ಯಾಯ. ಲಿನಕ್ಸ್ ಲೋಕದಲ್ಲೂ ಹಳತಿಗೆ ಗಡಿಯುಂಟು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು 32 ಬಿಟ್ ಯಂತ್ರಗಳಲ್ಲಿ ಹೊಸದಾಗಿ ಇಳಿಸಲು ಬರುವುದಿಲ್ಲ. ಆದರೆ ಕೋರ್ 2 ಡುಯೊ ಕೂಡ 64 ಬಿಟ್ಟಿನದೇ, ಅದು ಇನ್ನೂ ನಡೆಯುತ್ತದೆ. ಎಲ್ಲರೂ ಬದಲಾಗಿ ಎಂದೂ ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ಮಂಡಿಯವರಿಗೆ ವಿಂಡೋಸ್ ಬೇಕೇ ಬೇಕು. ಕೆಲವು ಪ್ರಿಂಟರುಗಳನ್ನು ಲಿನಕ್ಸಿನಲ್ಲಿ ಓಡಿಸುವುದು ತಲೆನೋವು. ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು.

2025ರ ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು ಮುಂದಿಟ್ಟಿತು. ಆಗಿನ ಬೆಲೆ 18,999 ರೂಪಾಯಿ. ಲಿನಕ್ಸ್ ಆಧಾರಿತ ವ್ಯವಸ್ಥೆ, ರಿಸ್ಕ್-ಫೈವ್ ಪ್ರೊಸೆಸರ್, ಜೊತೆಗೆ ರಾಜ್ಯದ ಪಠ್ಯಕ್ರಮ ತಿಳಿದ ‘ಬುದ್ಧ್’ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕ. ರಿಸ್ಕ್-ಫೈವ್ 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಮುಕ್ತ ಆಜ್ಞಾಸಮೂಹ. ಯಾರು ಬೇಕಾದರೂ ಪರವಾನಗಿ ಶುಲ್ಕ ಕೊಡದೆ ಅದರ ಮೇಲೆ ಚಿಪ್ ಕಟ್ಟಬಹುದು. ಮದ್ರಾಸಿನ ಐಐಟಿ ಇದರ ಮೇಲೆಯೇ ‘ಶಕ್ತಿ’ ಪ್ರೊಸೆಸರ್ ಮಾಡಿದೆ. ಸಿಂಪ್ಯೂಟರ್ ಕಾಲದಲ್ಲಿ ಯಂತ್ರದ ನಕ್ಷೆ ತೆರೆದಿದ್ದರೂ ಒಳಗಿನ ಚಿಪ್ ಹೊರಗಿನವರದು. ಈಗ ಆ ಬಾಗಿಲೂ ತೆರೆಯುತ್ತಿದೆ.

ಶಾಲೆಗಳಿಗೆ ಕಿಯೋ ಕೊಡುವುದಾದರೆ ಸರ್ಕಾರ ಮೂರು ಕೆಲಸ ಮಾಡಲಿ: ಬೋರ್ಡಿನ ನಕ್ಷೆಯನ್ನೂ ತಂತ್ರಾಂಶದ ಮೂಲ ಸಂಕೇತವನ್ನೂ ಪ್ರಕಟಿಸಲಿ, ಬಿಡಿಭಾಗಗಳು ತಾಲ್ಲೂಕು ಕೇಂದ್ರದಲ್ಲಿ ಸಿಗುವಂತೆ ಮಾಡಲಿ, ಕಚೇರಿಗಳ ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ಬದಲಿಸಿ ಮುಗಿಸಲಿ. ಓದುಗರಲ್ಲಿ ನನ್ನ ಬೇಡಿಕೆ ಅದಕ್ಕಿಂತ ಸಣ್ಣದು. ಮನೆಯ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಯವನನ್ನು ಕರೆಯುವ ಮುನ್ನ ಒಂದು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿ ಓಡಿಸಿ ನೋಡಿ. ಓಡಿದರೆ ಹತ್ತಿರದ ಕನ್ನಡ ಶಾಲೆಗೆ ಕೊಡಿ.