ಅಭಿಸರಣೆ

ಜೀವಶಾಸ್ತ್ರದ ತರಗತಿಯಲ್ಲಿ ‘ಅಭಿಸರಣೆ’ಯೆಂಬ ಶಬ್ದವನ್ನು ಕೇಳಿದೊಡನೆ ಅದರ ಲಕ್ಷಣವನ್ನು ಕಂಠಪಾಠಮಾಡಲು ತೊಡಗುವ ವಿದ್ಯಾರ್ಥಿಗೆ, ಆ ಶಬ್ದದ ಗರ್ಭದಲ್ಲಿಯೇ ಪಾಠದ ಸಾರವು ಅಡಗಿರುವುದನ್ನು ಮೊದಲು ತೋರಿಸಿಕೊಡತಕ್ಕದ್ದು. ‘ಸೃ’ ಎಂಬ ಸಂಸ್ಕೃತ ಧಾತುವಿಗೆ ಚಲಿಸು, ಹರಿ ಎಂದರ್ಥ. ನದಿಯನ್ನು ಸೂಚಿಸುವ ‘ಸರಿತ್’ ಇದರಿಂದಲೇ ಹುಟ್ಟಿತು. ‘ವಿ’ ಎಂಬ ಉಪಸರ್ಗವು ಸೇರಿದಾಗ ಎಲ್ಲೆಡೆಗೂ ಹರಡುವ ವಿಸರಣೆಯಾದುದು, ‘ಅಭಿ’ ಸೇರಿದಾಗ ಒಂದರ ಕಡೆಗೆ ಸಾಗುವ ಅಭಿಸರಣೆಯಾಗುತ್ತದೆ. ಪ್ರಿಯನನ್ನು ಕಾಣಲು ಸಂಕೇತಸ್ಥಾನಕ್ಕೆ ಹೊರಟ ನಾಯಿಕೆಯನ್ನು ಆಲಂಕಾರಿಕರು ‘ಅಭಿಸಾರಿಕೆ’ಯೆಂದು ಕರೆದುದೂ ಈ ಅರ್ಥದಿಂದಲೇ. ಪಾಶ್ಚಾತ್ಯರ ‘ಆಸ್ಮಾಸಿಸ್’ ಶಬ್ದಕ್ಕೆ ಮೂಲವಾದ ಗ್ರೀಕ್ ಪದವು ನೂಕುವಿಕೆಯನ್ನು ಹೇಳಿದರೆ, ನಮ್ಮ ಶಬ್ದವು ಸೇರಲು ಹೋಗುವುದನ್ನು ಹೇಳುತ್ತದೆ.

ಈ ಶಬ್ದವು ಹೇಳುವ ಕ್ರಿಯೆಯನ್ನು ಒಂದು ಪ್ರಯೋಗದಲ್ಲಿ ಕಾಣಬಹುದು: 1748ರಲ್ಲಿ ಫ್ರಾನ್ಸಿನ ನೊಲೆ ಎಂಬ ವಿದ್ವಾಂಸನು ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿಟ್ಟಾಗ, ನೀರು ಒಳಹೊಕ್ಕು ಪೊರೆಯು ಉಬ್ಬಿತು. ಜೀವಕೋಶದ ಪೊರೆಯಲ್ಲಿ ನಡೆಯುವುದೂ ಇದೇ: ಲವಣ, ಸಕ್ಕರೆಗಳು ಸುಲಭವಾಗಿ ದಾಟಲಾರದ ಪೊರೆಯನ್ನು ನೀರು ದಾಟಿ, ತೆಳುವಾದ ದ್ರಾವಣದಿಂದ ಸಾಂದ್ರವಾದುದರ ಕಡೆಗೆ ಸಾಗುತ್ತದೆ; ಇದೇ ಅಭಿಸರಣೆ.

ಈ ಕ್ರಿಯೆಯಿಂದಲೇ ಉಪ್ಪಿನಕಾಯಿಗೆಂದು ಉಪ್ಪು ಬೆರೆಸಿಟ್ಟ ಮಾವಿನ ಮಿಡಿಯು ಕೆಲವೇ ದಿನಗಳಲ್ಲಿ ನೀರು ಬಿಟ್ಟು ಸುಕ್ಕುಗಟ್ಟುವುದನ್ನೂ, ಪಾಯಸಕ್ಕೆಂದು ನೆನೆಹಾಕಿದ ಒಣದ್ರಾಕ್ಷಿಯು ನೀರನ್ನು ಹೀರಿ ತುಂಬಿಕೊಳ್ಳುವುದನ್ನೂ ಕಾಣದ ಮಕ್ಕಳು ವಿರಳ. ಆದುದರಿಂದ ಅಧ್ಯಾಪಕರು ಮೊದಲು ಮಿಡಿಯನ್ನೂ ದ್ರಾಕ್ಷಿಯನ್ನೂ ಮಕ್ಕಳ ಕೈಗಿತ್ತು, ಬಳಿಕ ಶಬ್ದವನ್ನು ಬಿಡಿಸಿ ಹೇಳಿ, ಲಕ್ಷಣವಾಕ್ಯವನ್ನು ಕೊನೆಗೆ ಬರೆಸಲಿ.