ಸ್ಕೇಟ್‌ಬೋರ್ಡ್ ಚಕ್ರ: ದೋಷ, ಸವೆತ ಮತ್ತು ವಾರಂಟಿ

1960ರ ದಶಕದಲ್ಲಿ ಅಮೆರಿಕದ ಸ್ಕೇಟ್‌ಬೋರ್ಡ್‌ಗಳಿಗೆ ಜೋಡಿಸುತ್ತಿದ್ದ, ರೋಲರ್ ಸ್ಕೇಟ್‌ನಿಂದ ಬಂದ ಜೇಡಿಮಣ್ಣು ಮಿಶ್ರಿತ ಚಕ್ರಗಳು ಸಣ್ಣ ಕಲ್ಲು ಅಡ್ಡ ಬಂದರೂ ತಟಕ್ಕನೆ ನಿಂತು ಸವಾರನನ್ನು ಕೆಡವುತ್ತಿದ್ದುದಲ್ಲದೆ ಬೇಗನೆ ತೇಯ್ದುಹೋಗುತ್ತಿದ್ದುದರಿಂದ, ದೋಷ ಯಾವುದು, ಸವೆತ ಯಾವುದು ಎಂದು ವಿಂಗಡಿಸುವುದು ಸುಲಭವಿರಲಿಲ್ಲ. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ದಿ ಎಂಬವರು ಪಾಲಿಯುರೆಥೇನ್ ಚಕ್ರಗಳನ್ನು, ಎಂದರೆ ದ್ರವರೂಪದ ರಾಸಾಯನಿಕಗಳನ್ನು ಅಚ್ಚಿಗೆ ಹೊಯ್ದು ಗಟ್ಟಿಗೊಳಿಸಿದ ಚಕ್ರಗಳನ್ನು, ಮಾರುಕಟ್ಟೆಗೆ ತಂದ ಮೇಲೆ ಬಾಳಿಕೆ ಹೆಚ್ಚಿತು. ಆದರೆ ಒಳಗೆ ಗಾಳಿಗುಳ್ಳೆ ಉಳಿದು ಚಕ್ರ ಬಿರಿದರೆ ಅದು ತಯಾರಿಕೆಯ ದೋಷ, ಅಡ್ಡಕ್ಕೆ ಜಾರಿಸಿದಾಗ ಒಂದೇ ಕಡೆ ತೇಯ್ದು ಚಪ್ಪಟೆಯಾಗುವ ‘ಫ್ಲಾಟ್ ಸ್ಪಾಟ್’ ಸಾಮಾನ್ಯವಾಗಿ ಬಳಕೆಯ ಸವೆತ. ಅಮೆರಿಕದ 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯಿದೆಯು ಲಿಖಿತ ವಾರಂಟಿಯನ್ನು ಕಡ್ಡಾಯಗೊಳಿಸದಿದ್ದರೂ, ಅದನ್ನು ಕೊಟ್ಟವರು ಷರತ್ತುಗಳನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿದ್ದರಿಂದ, ವಾರಂಟಿ ಇದ್ದ ಸರಕಿಗೆ ಬದಲಿ ಕೇಳುವ ಗ್ರಾಹಕನಿಗೆ ಕಾನೂನಿನ ಆಧಾರ ಗಟ್ಟಿಯಾಯಿತು.